ಅಮೆರಿಕ, ಯುರೋಪಿನ ಇತಿಹಾಸ ನಿಜವಾಗಿ ತಿರುಗಿದ್ದು ಎಲ್ಲಿ? ಒಂದೇ ಘಟನೆ ಆರಿಸಬೇಕು ಅಂದ್ರೆ ಯಾವುದು?

ಇತಿಹಾಸದ ಮೇಷ್ಟ್ರು:
ಎಲ್ಲರಿಗೂ ನಮಸ್ಕಾರ. ಪದವಿ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡ್ತೀನಿ. ಈ ಸೆಮಿಸ್ಟರ್ ಯುರೋಪ್ ಮತ್ತು ಅಮೆರಿಕದ ಇತಿಹಾಸ ನನ್ನ ಪಾಲಿಗೆ ಬಂದಿದೆ. ಹುಡುಗರು 1776, 1789, 1815, 1848, 1914 ಅಂತ ಇಸವಿಗಳನ್ನ ಗಟ್ಟು ಹೊಡೆದು ಬರ್ತಾರೆ. ಆ ವರ್ಷ ಯಾಕೆ ಮುಖ್ಯ ಅಂತ ಕೇಳಿದ್ರೆ ಎಲ್ಲರೂ ತಲೆ ತಗ್ಗಿಸ್ತಾರೆ. ಅದಕ್ಕೇ ಈ ಸಲ ಒಂದೇ ಒಂದು ಘಟನೆ ಹಿಡಿದು ಎರಡು ವಾರ ಅದರಲ್ಲೇ ಮುಳುಗೋಣ ಅಂದುಕೊಂಡಿದ್ದೀನಿ.

ಯಾವುದು ತಗೊಳ್ಳಲಿ? ನನ್ನ ಷರತ್ತು ಒಂದೇ. ಘಟನೆ ಬರೀ ದೊಡ್ಡದಾಗಿದ್ರೆ ಸಾಲದು, ಅದು ಹಾಗಾಗದೇ ಹೋಗಿದ್ರೆ ಮುಂದಿನದೆಲ್ಲ ಬೇರೆ ಥರ ಆಗ್ತಿತ್ತು ಅಂತ ತೋರಿಸೋಕೆ ಬರಬೇಕು. ಸದ್ಯಕ್ಕೆ ನನ್ನ ಮನಸ್ಸು 1789ರ ಫ್ರೆಂಚ್ ಕ್ರಾಂತಿ ಕಡೆಗಿದೆ. ನಿಮ್ಮ ಆಯ್ಕೆ ಯಾವುದು, ಕಾರಣ ಏನು, ಎರಡೂ ಬರೀರಿ.

ಕೆಎಎಸ್ ತಯಾರಿ:
1789 ಸರ್. ಸ್ವಾತಂತ್ರ್ಯ, ಸಮಾನತೆ, ಭ್ರಾತೃತ್ವ ಮೂರೂ ನಮ್ಮ ಸಂವಿಧಾನದ ಪೀಠಿಕೆವರೆಗೂ ಬಂದಿವೆ. ಪ್ಯಾರಿಸ್ಸಿನ ಬ್ಯಾಸ್ಟೀಲ್ ಸೆರೆಮನೆ ಒಡೆದು ಸಾವಿರಾರು ಕೈದಿಗಳನ್ನ ಬಿಡಿಸಿದ್ದು ರೋಮಾಂಚಕ ಘಟನೆ.

ಮಂಡ್ಯದ ಹೈದ:
ಸಾವಿರಾರು ಅಲ್ಲ ಕಣಪ್ಪ, ಅವತ್ತು ಒಳಗಿದ್ದಿದ್ದು 7 ಜನ. ಜನ ನುಗ್ಗಿದ್ದು ಮದ್ದಿನ ಪುಡಿಗೆ. ಬಂದೂಕು ಬೆಳಿಗ್ಗೇನೇ ಬೇರೆ ಕಡೆ ಸಿಕ್ಕಿತ್ತು, ಮದ್ದು ಬ್ಯಾಸ್ಟೀಲಲ್ಲಿತ್ತು.

ಮೇಷ್ಟ್ರೇ, ನಿಮ್ಮ ಷರತ್ತನ್ನೇ ಹಿಡಿದು ಹೇಳ್ತೀನಿ. 1776ರ ಅಮೆರಿಕದ ಸ್ವಾತಂತ್ರ್ಯ ಘೋಷಣೆ ಇಲ್ಲದೆ 1789 ಇಲ್ಲ. ಆದರ್ಶದ ವಿಷಯ ಬಿಡಿ, ದುಡ್ಡಿನ ಲೆಕ್ಕ ನೋಡಿ. 1777ರಲ್ಲಿ ಸಾರಾಟೋಗದಲ್ಲಿ ಬ್ರಿಟಿಷ್ ಸೈನ್ಯ ಶರಣಾಯ್ತು. ಅದನ್ನ ನೋಡಿ ಧೈರ್ಯ ಬಂದು ಫ್ರಾನ್ಸ್ 1778ರ ಫೆಬ್ರವರಿಯಲ್ಲಿ ಅಮೆರಿಕದ ಕೈ ಹಿಡೀತು. ಹಡಗು, ಸೈನಿಕರು, ಮದ್ದುಗುಂಡು ಎಲ್ಲ ಸಾಲದ ದುಡ್ಡಲ್ಲಿ. 1788ರ ಹೊತ್ತಿಗೆ ಫ್ರಾನ್ಸ್ ಸರ್ಕಾರದ ಖರ್ಚಲ್ಲಿ ಹತ್ತಿರತ್ತಿರ ಅರ್ಧ ಸಾಲ ತೀರಿಸೋಕೇ ಹೋಗ್ತಿತ್ತು. ಜಮೀನ್ದಾರರು ತೆರಿಗೆ ಕೊಡಲ್ಲ ಅಂದ್ರು. ಬೇರೆ ದಾರಿ ಕಾಣದೆ ರಾಜ 1614ರಿಂದ ಸೇರದೇ ಇದ್ದ ಸಭೆಯನ್ನ 1789ರ ಮೇ ತಿಂಗಳಲ್ಲಿ ವರ್ಸೇಲ್ಸ್‌ನಲ್ಲಿ ಕರೆದ. ಆಮೇಲೆ ಅದು ಅವನ ಮಾತು ಕೇಳಲಿಲ್ಲ. ಇಂಗ್ಲಿಷರನ್ನ ಸೋಲಿಸೋಕೆ ಮಾಡಿದ ಸಾಲವೇ ಅವನ ತಲೆ ತಗೀತು, 1793ರ ಜನವರಿ 21ಕ್ಕೆ.

ಪುಸ್ತಕದ ಹುಳು:
ಅದರ ಜೊತೆ 1788ರ ಜುಲೈನ ಆಲಿಕಲ್ಲು ಮಳೆ ಸೇರಿಸಿ. ಪ್ಯಾರಿಸ್ ಸುತ್ತಲಿನ ಗೋಧಿ ನೆಲಕಚ್ಚಿತು. ಬ್ರೆಡ್ ದುಬಾರಿ ಆಯ್ತು. 1789ರ ಅಕ್ಟೋಬರ್ 5ಕ್ಕೆ ಪ್ಯಾರಿಸ್ಸಿನಿಂದ ವರ್ಸೇಲ್ಸ್‌ಗೆ ಮಳೆಯಲ್ಲಿ ನಡೆದು ಹೋಗಿ ರಾಜನನ್ನ ಊರಿಗೆ ಎಳೆದು ತಂದಿದ್ದು ಮಾರುಕಟ್ಟೆಯ ಹೆಂಗಸರು. ಪಠ್ಯದಲ್ಲಿ ಅವರಿಗೆ ಒಂದು ಸಾಲೂ ಇರಲ್ಲ, ಇದು ನನಗೆ ತುಂಬಾ ಬೇಜಾರಿನ ವಿಷಯ.

ಮಂಡ್ಯದ ಹೈದ:
ಇನ್ನೊಂದು ಹೇಳಿಬಿಡ್ತೀನಿ. 1781ರ ಅಕ್ಟೋಬರ್‌ನಲ್ಲಿ ಯಾರ್ಕ್‌ಟೌನಲ್ಲಿ ಸೋತು ಅಮೆರಿಕ ಕಳಕೊಂಡ ಕಾರ್ನ್‌ವಾಲಿಸ್ ಇದ್ದನಲ್ಲ, ಶರಣಾಗೋ ದಿನ ಹುಷಾರಿಲ್ಲ ಅಂತ ತಾನು ಬರದೆ ಕೈಕೆಳಗಿನ ಅಧಿಕಾರಿಯನ್ನ ಕಳಿಸಿದ್ದೋನು, ಅವನೇ 1792ರಲ್ಲಿ ನಮ್ಮ ಶ್ರೀರಂಗಪಟ್ಟಣದ ಮುಂದೆ ನಿಂತು ಟಿಪ್ಪುವಿನ ಇಬ್ಬರು ಮಕ್ಕಳನ್ನ ಒತ್ತೆ ಇಟ್ಟುಕೊಂಡಿದ್ದು. ಪಟ್ಟಣದ ಕೋಟೆ ನೋಡೋಕೆ ಬರೋ ಅಮೆರಿಕದವರಿಗೆ ನಾನು ಮೊದಲು ಹೇಳೋದೇ ಇದನ್ನ.

ಕಡಲ ಕರೆ:
1782ರಲ್ಲಿ ಡೆಲವೇರ್ ಕೊಲ್ಲಿಯಲ್ಲಿ ಬ್ರಿಟಿಷರ ಹಡಗು ಹಿಡಿದ ಪೆನ್ಸಿಲ್ವೇನಿಯಾದ ಹಡಗಿನ ಹೆಸರೇ ಹೈದರ್ ಅಲಿ ಮಾರಾಯ್ರೆ! ಅಲ್ಲಿಯವರಿಗೆ ನಮ್ಮ ಹೈದರನ ಸುದ್ದಿ ಅಷ್ಟು ಮುಟ್ಟಿತ್ತು.

ವೇದಿಕೆ ನಿರ್ವಾಹಕ:
ಟಿಪ್ಪು, ಹೈದರ್ ಬಗ್ಗೆ ಬೇರೆ ಚರ್ಚೆ ಈಗಾಗಲೇ ನಡೀತಾ ಇದೆ, ಅಲ್ಲಿ ಬರೀರಿ. ಇಲ್ಲಿ ಮೇಷ್ಟ್ರ ಪ್ರಶ್ನೆಗೆ ಉತ್ತರ ಬರಲಿ.

ಸ್ಟುಟ್‌ಗಾರ್ಟ್ ವಾಸಿ:
ನನ್ನ ಓಟು 1914ರ ಜೂನ್ 28ಕ್ಕೆ. ಹೋದ ವರ್ಷ ಸರಾಯೆವೊಗೆ ಹೋಗಿ ಆ ಮೂಲೆಯಲ್ಲಿ ನಿಂತು ಬಂದೆ. ನದಿ ಪಕ್ಕದ ರಸ್ತೆ, ಲ್ಯಾಟಿನ್ ಸೇತುವೆ, ಎದುರಿಗೆ ಬಲಕ್ಕೆ ಹೊರಳೋ ಕಿರಿದಾದ ಬೀದಿ. ಅಷ್ಟೇ ಜಾಗ.

ಬೆಳಿಗ್ಗೆ ಆಸ್ಟ್ರಿಯಾದ ಯುವರಾಜ ಫ್ರಾನ್ಜ್ ಫರ್ಡಿನೆಂಡ್ ಕಾರಿನ ಮೇಲೆ ಒಬ್ಬ ಬಾಂಬ್ ಎಸೆದ. ಅದು ಮಡಚಿದ್ದ ಟಾಪಿಗೆ ತಾಗಿ ಜಾರಿ ಹಿಂದಿನ ಕಾರಿನ ಹತ್ತಿರ ಸಿಡೀತು. ಯುವರಾಜ ಟೌನ್ ಹಾಲಿಗೆ ಹೋಗಿ ಮೇಯರ್ ಮೇಲೆ ರೇಗಾಡಿದ. ಆಮೇಲೆ ಗಾಯಗೊಂಡ ಅಧಿಕಾರಿಯನ್ನ ಆಸ್ಪತ್ರೆಯಲ್ಲಿ ನೋಡ್ತೀನಿ ಅಂದ. ಅದಕ್ಕೋಸ್ಕರ ದಾರಿ ಬದಲಾಯ್ತು, ನದಿ ದಂಡೆಯಲ್ಲೇ ನೇರ ಹೋಗಬೇಕು ಅಂತ ತೀರ್ಮಾನ. ಡ್ರೈವರಿಗೆ ಯಾರೂ ಹೇಳಲೇ ಇಲ್ಲ. ಅವನು ಹಳೇ ದಾರಿಯಂತೆ ಬಲಕ್ಕೆ ತಿರುಗಿಸಿದ. ಗವರ್ನರ್ ಪೊಟಿಯೊರೆಕ್ ಇದಲ್ಲ ದಾರಿ ಅಂತ ಕೂಗಿದ. ಕಾರು ನಿಂತಿತು. ನಿಂತ ಜಾಗದಲ್ಲಿ ಬಾಂಬ್ ಎಸೆದವನ ಗುಂಪಿನವನೇ ಆದ 19 ವರ್ಷದ ಸರ್ಬ್ ಹುಡುಗ ಗಾವ್ರಿಲೊ ಪ್ರಿನ್ಸಿಪ್ ಇದ್ದ. ಎರಡು ಗುಂಡು, ಯುವರಾಜನೂ ಹೋದ, ಹೆಂಡತಿ ಸೋಫಿಯೂ ಹೋದಳು.

ಮುಂದೆ ಮೊದಲ ಮಹಾಯುದ್ಧ, ನಾಲ್ಕು ಸಾಮ್ರಾಜ್ಯ ನೆಲಸಮ. ರಷ್ಯಾದಲ್ಲಿ ಕ್ರಾಂತಿ, ಜರ್ಮನಿಯಲ್ಲಿ ಹಿಟ್ಲರ್, ಎರಡನೇ ಯುದ್ಧ, ಬರ್ಲಿನ್ ಗೋಡೆ, ಎಲ್ಲದರ ಬೇರು ಅಲ್ಲಿದೆ. ಒಬ್ಬ ಡ್ರೈವರಿಗೆ ಒಂದು ಮಾತು ತಲುಪಿದ್ರೆ ಇಪ್ಪತ್ತನೇ ಶತಮಾನವೇ ಬೇರೆ.

ಕೆಎಎಸ್ ತಯಾರಿ:
ಪ್ರಿನ್ಸಿಪ್ ಆ ಹೊತ್ತಿಗೆ ಸ್ಯಾಂಡ್‌ವಿಚ್ ತಿನ್ನೋಕೆ ಅಂಗಡಿಗೆ ಹೋಗಿದ್ದ ಅಂತ ವಿಡಿಯೋದಲ್ಲಿ ನೋಡಿದ್ದೆ.

ಸ್ಟುಟ್‌ಗಾರ್ಟ್ ವಾಸಿ:
ಅದು ಆಮೇಲೆ ಹುಟ್ಟಿದ ಕಥೆ. ಅಂಗಡಿ ಇದ್ದದ್ದು ನಿಜ, ಸ್ಯಾಂಡ್‌ವಿಚ್ಚಿಗೆ ಯಾವ ಆಧಾರವೂ ಇಲ್ಲ.

ಪುಸ್ತಕದ ಹುಳು:
ಡ್ರೈವರ್ ಮೇಲೆ ಇಷ್ಟು ಭಾರ ಹೊರಿಸೋದನ್ನ ನಾನು ಒಪ್ಪಲ್ಲ. ಕೊಲೆ ಆಗಿದ್ದು ಜೂನ್ 28, ಆಸ್ಟ್ರಿಯಾ ಸರ್ಬಿಯಾ ಮೇಲೆ ಯುದ್ಧ ಸಾರಿದ್ದು ಜುಲೈ 28. ನಡುವೆ ಪೂರ್ತಿ ಒಂದು ತಿಂಗಳು! ಜುಲೈ 5ಕ್ಕೆ ಜರ್ಮನಿಯ ಕೈಸರ್ ಆಸ್ಟ್ರಿಯಾಕ್ಕೆ ಏನು ಬೇಕಾದ್ರೂ ಮಾಡಿ, ಬೆನ್ನ ಹಿಂದೆ ನಾವಿದ್ದೀವಿ ಅಂದ. ಜುಲೈ 23ಕ್ಕೆ ಸರ್ಬಿಯಾಗೆ 48 ಗಂಟೆಯ ಗಡುವು ಕೊಟ್ಟರು. ಸರ್ಬಿಯಾ ಬಹುಪಾಲು ಷರತ್ತು ಒಪ್ಪಿತು, ಆದ್ರೂ ಬಿಡಲಿಲ್ಲ. ಕೂತು ಮಾತಾಡಿ, ಗೊತ್ತಿದ್ದೂ ಮಾಡಿದ ತೀರ್ಮಾನಗಳು ಇವು. ತಿರುವು ಅಂತ ಇದ್ದರೆ ಆ ಮೇಜಿನ ಸುತ್ತ ಇದೆ. ಮಕ್ಕಳಿಗೆ ಡ್ರೈವರ್ ಕಥೆ ಮಾತ್ರ ಹೇಳಿದ್ರೆ ಒಂದು ಕೋಟಿಗೂ ಹೆಚ್ಚು ಜನರ ಸಾವಿಗೆ ಯಾರೂ ಹೊಣೆ ಅಲ್ಲ ಅನ್ನೋ ಹಾಗಾಗುತ್ತೆ.

ಸ್ಟುಟ್‌ಗಾರ್ಟ್ ವಾಸಿ:
ಹೊಣೆ ಬೇರೆ, ತಿರುವು ಬೇರೆ. ಸಿಟ್ಟಿಗೆ ನೆಪ ಸಿಗದೇ ಇದ್ದಿದ್ರೆ ಆ ಮೇಜಿನ ಸುತ್ತ ಯಾರೂ ಕೂರ್ತಾ ಇರಲಿಲ್ಲ. ಇದಕ್ಕೂ ಮುಂಚೆ 1908ರಲ್ಲಿ, 1912ರಲ್ಲಿ ಬಾಲ್ಕನ್‌ನಲ್ಲಿ ಬಿಕ್ಕಟ್ಟು ಬಂದಿತ್ತು, ಆಗ ದೊಡ್ಡ ರಾಷ್ಟ್ರಗಳ ಮಧ್ಯೆ ಯುದ್ಧ ಆಗದೆ ಮುಗೀತಲ್ಲ?

ಕಡಲ ಕರೆ:
1914 ನಮ್ಮೂರಿಗೂ ತಟ್ಟಿತ್ತು. ಬಾಸೆಲ್ ಮಿಶನ್‌ನವರು 1834ರಿಂದ ಮಂಗಳೂರಲ್ಲಿದ್ದರು. ಶಾಲೆ, ಅಚ್ಚುಕೂಟ, ನೇಯ್ಗೆ, 1865ರಲ್ಲಿ ಹಂಚಿನ ಕಾರ್ಖಾನೆ. ಮಿಶನ್ ಸ್ವಿಟ್ಜರ್ಲೆಂಡಿನದ್ದಾದರೂ ಪಾದ್ರಿಗಳಲ್ಲಿ ಜರ್ಮನರೇ ಜಾಸ್ತಿ. ಯುದ್ಧ ಶುರುವಾದ ಮೇಲೆ ಅವರನ್ನು ಹಿಡಿದು ಶಿಬಿರಕ್ಕೆ ಹಾಕಿದರು, ಕಾರ್ಖಾನೆಗಳು ಶತ್ರುಗಳ ಆಸ್ತಿ ಅಂತ ಆಯ್ತು, ಕಡೆಗೆ ಬ್ರಿಟಿಷ್ ಕಂಪನಿಯ ಕೈಗೆ ಹೋಯ್ತು. ನನ್ನ ಅಜ್ಜನ ತಂದೆ ಹಂಚಿನ ಅಚ್ಚಿನ ಮುಂದೆ ಕೆಲಸ ಮಾಡಿದವರು. ಸರಾಯೆವೊ ಎಲ್ಲಿ ಉಂಟು ಅಂತ ಅವರಿಗೆ ಗೊತ್ತಿರಲಿಕ್ಕಿಲ್ಲ, ಆದರೆ ಸಂಬಳ ಕೊಡುವ ಧಣಿ ಬದಲಾದದ್ದು ಗೊತ್ತಿತ್ತು.

ಮಂಡ್ಯದ ಹೈದ:
ಮೈಸೂರು ಲ್ಯಾನ್ಸರ್ಸ್ ಹೈಫಾ ಹಿಡಿದಿದ್ದೂ ಆ ಯುದ್ಧದಲ್ಲೇ. 1918ರ ಸೆಪ್ಟೆಂಬರ್ 23, ಜೋಧಪುರದವರ ಜೊತೆ, ಕುದುರೆ ಮೇಲೆ, ಎದುರಿಗೆ ಮಷಿನ್‌ಗನ್.

ನಿವೃತ್ತ ಬ್ಯಾಂಕ್ ನೌಕರ:
ಯಾರೂ 1929 ಹೇಳಿಲ್ಲವಲ್ಲ, ಆಶ್ಚರ್ಯ. ಜರ್ಮನಿಯಲ್ಲಿ ನೋಟಿನ ಕಂತೆ ಒಲೆಗೆ ಹಾಕಿದರು, ಅದಕ್ಕೇ ಹಿಟ್ಲರ್ ಬಂದ ಅಂತ ಎಲ್ಲರೂ ಬರೀತಾರೆ. ನೋಟು ಕಾಗದವಾಗಿದ್ದು 1923ರಲ್ಲಿ. 1928ರ ಚುನಾವಣೆಯಲ್ಲಿ ನಾಜಿ ಪಕ್ಷಕ್ಕೆ ಬಿದ್ದ ಮತ 2.6 ಶೇಕಡಾ ಮಾತ್ರ! ಆಮೇಲೆ ನ್ಯೂಯಾರ್ಕ್ ಷೇರುಪೇಟೆ ಕುಸೀತು, ಅಮೆರಿಕದ ಬ್ಯಾಂಕುಗಳು ಜರ್ಮನಿಗೆ ಕೊಟ್ಟಿದ್ದ ಸಾಲ ವಾಪಸ್ ಕೇಳಿದವು, ಕಾರ್ಖಾನೆ ಮುಚ್ಚಿದವು. 1930ರಲ್ಲಿ 18.3, 1932ರ ಜುಲೈನಲ್ಲಿ 37.3. ಕೆಲಸ ಇಲ್ಲದವರು ಆ ವರ್ಷ ಹತ್ತಿರತ್ತಿರ 60 ಲಕ್ಷ. ಇದಕ್ಕಿಂತ ಸ್ಪಷ್ಟವಾದ ಪುರಾವೆ ಬೇಕೇ? ಮೇಷ್ಟ್ರ ಷರತ್ತಿಗೆ ಇದೇ ಸರಿಯಾಗಿ ಕೂರುತ್ತೆ. ಬ್ಯಾಂಕಿನಲ್ಲಿ ಸಾಲ ವಸೂಲಿ ಮಾಡಿದವನಾಗಿ ಹೇಳ್ತೀನಿ, ಕೆಲಸ ಕಳಕೊಂಡ ಮನುಷ್ಯನ ಸಿಟ್ಟು ಯಾವ ಕಡೆ ತಿರುಗುತ್ತೆ ಅಂತ ಯಾರೂ ಮೊದಲೇ ಹೇಳೋಕಾಗಲ್ಲ.

ಪುಸ್ತಕದ ಹುಳು:
ಒಳ್ಳೆ ಅಂಕಿ ಸರ್, ಆದರೆ ಒಂದು ಬಿಟ್ಟಿದ್ದೀರಿ. 1932ರ ನವೆಂಬರ್ ಚುನಾವಣೆಯಲ್ಲಿ ಅವರ ಮತ 33.1ಕ್ಕೆ ಇಳಿದಿತ್ತು. ಇಳಿಮುಖ ಶುರುವಾಗಿತ್ತು. ಮಾಜಿ ಚಾನ್ಸೆಲರ್ ಫಾನ್ ಪಾಪೆನ್ ಮತ್ತು ಅವನ ಜೊತೆಯವರು, ಹಿಟ್ಲರನನ್ನ ನಮ್ಮ ಹಿಡಿತದಲ್ಲಿ ಇಟ್ಟುಕೊಳ್ತೀವಿ ಅಂತ ಮುದುಕ ಅಧ್ಯಕ್ಷ ಹಿಂಡೆನ್‌ಬರ್ಗ್‌ನನ್ನ ಒಪ್ಪಿಸಿ 1933ರ ಜನವರಿ 30ಕ್ಕೆ ಚಾನ್ಸೆಲರ್ ಮಾಡಿಬಿಟ್ಟರು. ಮತ್ತೆ ಅದೇ, ಮೇಜಿನ ಸುತ್ತ ಕೂತವರ ತೀರ್ಮಾನ.

ಹತ್ತಿ ಹೊಲ:
ಅಲ್ರೀ ಸರ, ಯುರೋಪನ್ಯಾಗs ಸುತ್ತಾಕತ್ತೀರಿ, ಅಮೆರಿಕದ ಅಂತರ್ಯುದ್ಧ ಯಾರೂ ಹೇಳವಲ್ರಿ. ನಾ ಧಾರವಾಡ ಜಿಲ್ಲಾದಾಂವ, ಹತ್ತಿ ಬೆಳೆಯೋ ಮನಿತನ. ನಮ್ಮ ನೆಲದಾಗ ಆ ಯುದ್ಧದ ಗುರುತು ಐತಿ.

1860ರ ಸುಮಾರಿಗೆ ಇಂಗ್ಲೆಂಡಿನ ಗಿರಣಿಗೆ ಬರೋ ಹತ್ತಿಯೊಳಗ ಮುಕ್ಕಾಲು ಪಾಲಿಗಿಂತ ಹೆಚ್ಚು ಅಮೆರಿಕದ ದಕ್ಷಿಣದ ರಾಜ್ಯಗಳದು, ಗುಲಾಮರು ಬೆಳದದ್ದು. 1861ರ ಏಪ್ರಿಲ್ ತಿಂಗಳದಾಗ ಸಮ್ಟರ್ ಕೋಟೆ ಮ್ಯಾಲ ಗುಂಡು ಬಿತ್ತು, ಉತ್ತರದವರು ದಕ್ಷಿಣದ ಬಂದರಕ್ಕ ದಿಗ್ಬಂಧನ ಹಾಕಿದ್ರು, ಮ್ಯಾಂಚೆಸ್ಟರ್ ಗಿರಣಿ ನಿಂತು ಹ್ವಾದವು. ಆವಾಗ ಅವರ ಕಣ್ಣು ನಮ್ಮ ಕಡೆ ಬಿತ್ತು. ಅದಕ್ಕೂ ಮೊದಲ 1840ರ ದಶಕದಾಗ ಕಂಪನಿ ಸರಕಾರ ಅಮೆರಿಕದಿಂದ ಹತ್ತಿ ಬೆಳೆಯೋರನ್ನ ಕರೆಸಿ ನ್ಯೂ ಆರ್ಲಿಯನ್ಸ್ ತಳಿ ನಮ್ಮ ಎರಿ ಹೊಲದಾಗ ಹಾಕ್ಸಿತ್ತು. ಪ್ಯಾಟ್ಯಾಗ ಅದರ ಹೆಸರs ‘ಧಾರ್ವಾರ್ ಅಮೆರಿಕನ್’. ನಮ್ಮ ಮೂಲ ಜವಾರಿ ಹತ್ತಿಗೆ ‘ಕುಮಟಾ’ ಅಂತಿದ್ರು, ಯಾಕಂದ್ರ ಆ ಬಂದರದಿಂದ ಹಡಗ ಹತ್ತತಿತ್ತು. ರೈಲು ಇನ್ನೂ ಬಂದಿದ್ದಿಲ್ಲ, ಎತ್ತಿನ ಗಾಡಿ, ಹೇರೆತ್ತು ಘಟ್ಟ ಇಳೀತಿದ್ವು. ಮುಂಬೈದಾಗ ಹತ್ತಿ ದರ ಮೂರು ನಾಲ್ಕು ಪಟ್ಟು ಏರಿತು. ಜ್ವಾಳದ ಹೊಲಕ್ಕೂ ಹತ್ತಿ ಬಿತ್ತಿದ್ರು. ಹತ್ತಿಯೊಳಗ ಬೀಜ, ಕಸ, ಕೀಳ ಹತ್ತಿ ಕಲಸೋದು ಎಷ್ಟು ಹೆಚ್ಚಾತಂದ್ರ, 1863ರಾಗ ಮುಂಬೈ ಸರಕಾರ ಹತ್ತಿ ಮೋಸಕ್ಕಂತs ಒಂದು ಕಾಯ್ದೆ ತಂದು ಇನ್‌ಸ್ಪೆಕ್ಟರ್‌ಗಳನ್ನ ನೇಮಿಸಿತು. ಹತ್ತಿ ಸಾಗಸಾಕ ಕಾರವಾರ ಬಂದರ ಬೆಳಸಬೇಕಂತ ಮ್ಯಾಂಚೆಸ್ಟರ್‌ನವರು ಒತ್ತಾಯ ಮಾಡಿದ್ರು, 1862ರಾಗ ಉತ್ತರ ಕನ್ನಡ ಮದ್ರಾಸಿನಿಂದ ಮುಂಬೈ ಪ್ರಾಂತಕ್ಕ ಸೇರಿತು.

1865ಕ್ಕ ಯುದ್ಧ ಮುಗೀತು, ದರ ದಪ್ ಅಂತ ಕುಸೀತು. ಮುಂಬೈ ಷೇರು ಮಾರುಕಟ್ಟಿ ಮುಳುಗಿತು. ದರ ಏರಿದಾಗ ಸಾಲಾ ತಗೊಂಡಿದ್ದ ರೈತ ಸಾವಕಾರನ ಕೈಯಾಗ ಸಿಕ್ಕ. ಅಪೊಮ್ಯಾಟಕ್ಸ್‌ನ್ಯಾಗ ದಕ್ಷಿಣದ ಜನರಲ್ ಲೀ ಶರಣಾಗತಿಗೆ ಸಹಿ ಹಾಕಿದ್ರ ನಮ್ಮ ಕಡಿ ಹೊಲ ಅಡವ ಬಿದ್ವು. ಇದಕ್ಕಿಂತ ದೊಡ್ಡ ತಿರುವು ಯಾವದ್ರಿ?

ಇತಿಹಾಸದ ಮೇಷ್ಟ್ರು:
ಇದು ಚೆನ್ನಾಗಿದೆ. ಉತ್ತರ ಕನ್ನಡ ಮುಂಬೈ ಪ್ರಾಂತಕ್ಕೆ ಸೇರಿದ್ದು ಹುಡುಗರಿಗೆ ಏಕೀಕರಣದ ಪಾಠದಲ್ಲಿ ಬರುತ್ತೆ, ಅದರ ಹಿಂದೆ ಹತ್ತಿ ಇದೆ ಅಂತ ಯಾರೂ ಹೇಳಲ್ಲ. ಆದರೆ ನನ್ನ ಷರತ್ತು ನೆನಪಿರಲಿ. ಆ ಯುದ್ಧ ಬೇರೆ ಥರ ಮುಗಿಯೋ ಸಾಧ್ಯತೆ ಇತ್ತೇ? ಉತ್ತರದಲ್ಲಿ ಜನ, ಕಾರ್ಖಾನೆ, ರೈಲು ಎಲ್ಲ ಜಾಸ್ತಿ ಇತ್ತು.

ನ್ಯೂಜೆರ್ಸಿ ಕನ್ನಡತಿ:
ಖಂಡಿತ ಇತ್ತು ಸರ್. 1862ರ ಸೆಪ್ಟೆಂಬರ್ ನೋಡಿ. ದಕ್ಷಿಣದ ಲೀ ಮೇರಿಲ್ಯಾಂಡಿಗೆ ನುಗ್ಗಿದ್ದ. ಲಂಡನ್ನಿನಲ್ಲಿ ಮಂತ್ರಿಗಳು ನಾವು ಮಧ್ಯಸ್ಥಿಕೆ ಮಾಡೋಣ, ಇನ್ನೊಂದು ಗೆಲುವು ಬಂದ್ರೆ ದಕ್ಷಿಣವನ್ನ ಬೇರೆ ದೇಶ ಅಂತ ಒಪ್ಪೋಣ ಅಂತ ಮಾತಾಡ್ತಿದ್ರು. ಅಷ್ಟರಲ್ಲಿ ಸೆಪ್ಟೆಂಬರ್ 13ಕ್ಕೆ ಫ್ರೆಡರಿಕ್ ಊರಿನ ಹತ್ತಿರ ಇಂಡಿಯಾನಾದ ಸೈನಿಕರಿಗೆ ಹುಲ್ಲಿನಲ್ಲಿ ಒಂದು ಲಕೋಟೆ ಸಿಕ್ಕಿತು. ಮೂರು ಸಿಗಾರ್, ಅವಕ್ಕೆ ಸುತ್ತಿದ ಕಾಗದ. ಕಾಗದದಲ್ಲಿ ಲೀ ತನ್ನ ಸೈನ್ಯವನ್ನ ಎಲ್ಲೆಲ್ಲಿ ಹಂಚಿದ್ದಾನೆ ಅನ್ನೋ ಆದೇಶ. ನಾಲ್ಕು ದಿನದ ನಂತರ ಆಂಟೀಟಮ್ ಕದನ. ಒಂದೇ ದಿನದಲ್ಲಿ ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ ಸುಮಾರು 23 ಸಾವಿರ. ಲೀ ಹಿಂದೆ ಸರಿದ. ಗೆಲುವಿಗಾಗಿ ಕಾಯ್ತಿದ್ದ ಲಿಂಕನ್ ಸೆಪ್ಟೆಂಬರ್ 22ಕ್ಕೆ ಗುಲಾಮರ ಬಿಡುಗಡೆಯ ಘೋಷಣೆ ಹೊರಡಿಸಿದರು, 1863ರ ಜನವರಿ 1ರಿಂದ ಅದು ಜಾರಿ.

ಆಮೇಲೆ ಬ್ರಿಟನ್ ದಕ್ಷಿಣದ ಪರ ನಿಲ್ಲೋದು ಕಷ್ಟ ಆಯ್ತು, ನಿಂತ್ರೆ ಗುಲಾಮಗಿರಿ ಪರ ನಿಂತ ಹಾಗೆ. ಹತ್ತಿ ಹೊಲ ಅಣ್ಣನವರು ಮ್ಯಾಂಚೆಸ್ಟರ್ ಹೇಳಿದ್ರಲ್ಲ, ಅಲ್ಲಿನ ಗಿರಣಿ ಕೆಲಸಗಾರರು ಕೆಲಸ ಇಲ್ಲದೆ ಹಸಿದಿದ್ರೂ 1862ರ ಡಿಸೆಂಬರ್ 31ಕ್ಕೆ ಸಭೆ ಸೇರಿ ಲಿಂಕನ್ನಿಗೆ ಬೆಂಬಲದ ಪತ್ರ ಬರೆದರು. ಲಿಂಕನ್ ಅದಕ್ಕೆ ಉತ್ತರವನ್ನೂ ಬರೆದರು. ಮ್ಯಾಂಚೆಸ್ಟರಿನಲ್ಲಿ ಇವತ್ತಿಗೂ ಲಿಂಕನ್ ಪ್ರತಿಮೆ ಇದೆ. ಹೊಟ್ಟೆಗಿಲ್ಲದೆ ಇದ್ದಾಗಲೂ ಯಾರದೋ ಬಿಡುಗಡೆಗೆ ನಿಂತ ಜನ ಅವರು. ನನಗೆ ಈ ಇಡೀ ಇತಿಹಾಸದಲ್ಲಿ ಅತ್ಯಂತ ಗೌರವ ಇರೋದು ಅವರ ಮೇಲೆ.

ಹತ್ತಿ ಹೊಲ:
ಈ ಪತ್ರದ ಸುದ್ದಿ ನನಗ ಗೊತ್ತಿದ್ದಿದ್ದಿಲ್ರಿ ಅಕ್ಕಾರ. ಭಾಳ ಛಲೋ ಆತು ಹೇಳಿದ್ದು.

ಸಿಲಿಕಾನ್ ಸಿಟಿ:
ಅಂತರ್ಯುದ್ಧ ಗುಲಾಮಗಿರಿಗೆ ನಡೆದಿದ್ದಲ್ಲ. ಅದು ರಾಜ್ಯಗಳ ಹಕ್ಕು ಮತ್ತು ಆಮದು ಸುಂಕದ ಜಗಳ. ಗುಲಾಮಗಿರಿ ಆಮೇಲೆ ಸೇರಿಸಿದ್ದು. ಗೆದ್ದವರು ಇತಿಹಾಸ ಬರೀತಾರೆ.

ನ್ಯೂಜೆರ್ಸಿ ಕನ್ನಡತಿ:
ಸೋತವರೇ ಬರೆದಿದ್ದನ್ನ ಓದಿ. 1860ರ ಡಿಸೆಂಬರಿನಲ್ಲಿ ಮೊದಲು ಬೇರೆಯಾದ ಸೌತ್ ಕ್ಯಾರೊಲೈನಾ ಕೊಟ್ಟ ಕಾರಣ, ಓಡಿ ಹೋದ ನಮ್ಮ ಗುಲಾಮರನ್ನ ಉತ್ತರದವರು ಹಿಡಿದು ಕೊಡ್ತಿಲ್ಲ ಅಂತ. 1861ರ ಮಾರ್ಚಿನಲ್ಲಿ ದಕ್ಷಿಣದ ಉಪಾಧ್ಯಕ್ಷ ಅಲೆಕ್ಸಾಂಡರ್ ಸ್ಟೀಫನ್ಸ್ ಸವಾನಾದಲ್ಲಿ ಭಾಷಣ ಮಾಡಿ, ಕಪ್ಪು ಮನುಷ್ಯ ಬಿಳಿಯನಿಗೆ ಸಮ ಅಲ್ಲ ಅನ್ನೋದೇ ನಮ್ಮ ಹೊಸ ಸರ್ಕಾರದ ಅಡಿಗಲ್ಲು ಅಂತ ಹೇಳಿದ. ರಾಜ್ಯಗಳ ಹಕ್ಕೇ ಮುಖ್ಯವಾಗಿದ್ರೆ 1850ರ ಕಾಯ್ದೆಯನ್ನ ಅವರು ಯಾಕೆ ಒತ್ತಾಯ ಮಾಡಿ ತಂದರು? ಅದು ಉತ್ತರದ ರಾಜ್ಯದೊಳಗೆ ಕೇಂದ್ರದವರು ನುಗ್ಗಿ ಓಡಿಬಂದವರನ್ನ ಹಿಡಿಯೋ ಕಾಯ್ದೆ.

ಸಿಲಿಕಾನ್ ಸಿಟಿ:
ಲಿಂಕನ್ ಕೂಡ ಮೊದಲು ಒಕ್ಕೂಟ ಉಳಿಸೋದೇ ನನ್ನ ಗುರಿ ಅಂದಿದ್ದು ಸುಳ್ಳಾ?

ಪುಸ್ತಕದ ಹುಳು:
ಸುಳ್ಳಲ್ಲ. ಉತ್ತರ ಯುದ್ಧಕ್ಕೆ ಇಳಿದಿದ್ದು ಒಕ್ಕೂಟ ಉಳಿಸೋಕೆ, ದಕ್ಷಿಣ ಒಕ್ಕೂಟ ಮುರಿದಿದ್ದು ಗುಲಾಮಗಿರಿ ಉಳಿಸೋಕೆ. ಎರಡೂ ಒಟ್ಟಿಗೆ ನಿಜ. 40 ಲಕ್ಷ ಮನುಷ್ಯರನ್ನ ಆಸ್ತಿ ಅಂತ ಲೆಕ್ಕ ಹಾಕಿದ್ದ ವ್ಯವಸ್ಥೆ ಅದು, ಆಮದು ಸುಂಕಕ್ಕೆ ಯಾರೂ ಆರು ಲಕ್ಷ ಜನ ಸಾಯಲ್ಲ.

ಮಲೆನಾಡ ಮಂಜು:
ಹೈಟಿ ಯಾರೂ ಹೇಳಲಿಲ್ಲ. ಫ್ರಾನ್ಸಿನ ವಸಾಹತಾಗಿದ್ದ ಅಲ್ಲಿ 1791ರಲ್ಲಿ ಗುಲಾಮರು ದಂಗೆ ಎದ್ದು, ನೆಪೋಲಿಯನ್ ಕಳಿಸಿದ ಸೈನ್ಯವನ್ನೂ ಸೋಲಿಸಿ 1804ಕ್ಕೆ ಸ್ವತಂತ್ರರಾದರು. ಹೈಟಿ ಕೈ ಬಿಟ್ಟು ಹೋಗ್ತಿದೆ ಅಂತ ಗೊತ್ತಾದ ಮೇಲೇ ನೆಪೋಲಿಯನ್ 1803ರಲ್ಲಿ ಲೂಸಿಯಾನಾ ಪ್ರದೇಶವನ್ನ ಅಮೆರಿಕಕ್ಕೆ 1.5 ಕೋಟಿ ಡಾಲರಿಗೆ ಮಾರಿದ್ದು. ಅಮೆರಿಕದ ವಿಸ್ತೀರ್ಣ ಹತ್ತಿರತ್ತಿರ ಎರಡು ಪಟ್ಟಾಯ್ತು. ಅಮೆರಿಕವನ್ನ ದೊಡ್ಡದು ಮಾಡಿದವರು ಹೈಟಿಯ ಗುಲಾಮರು. ಅವರಿಗೆ ಸಿಕ್ಕಿದ್ದೇನು? 1825ರಲ್ಲಿ ಫ್ರಾನ್ಸ್ ಯುದ್ಧನೌಕೆ ತಂದು ನಿಲ್ಲಿಸಿ 15 ಕೋಟಿ ಫ್ರಾಂಕ್ ಪರಿಹಾರ ಕೇಳಿತು. ಗುಲಾಮರನ್ನ ಕಳಕೊಂಡ ಧಣಿಗಳಿಗೆ ಪರಿಹಾರ! ಇದನ್ನ ಓದಿದ ದಿನ ನನಗೆ ನಿದ್ದೆ ಬಂದಿರಲಿಲ್ಲ.

ಕಡಲ ಕರೆ:
ಹಾಗೆ ಹಿಂದೆ ಹೋದರೆ 1492ಕ್ಕೇ ಹೋಗಬೇಕಾಗ್ತದೆ. ಕೊಲಂಬಸ್ ಆ ಕಡೆ ಹೋಗದಿದ್ದರೆ ನಮಗೆ ಮೆಣಸಿನಕಾಯಿ, ಬಟಾಟೆ, ಗೋಡಂಬಿ ಯಾವುದೂ ಇಲ್ಲ.

ಹತ್ತಿ ಹೊಲ:
ಬ್ಯಾಡಗಿ ಮೆಣಸಿನಕಾಯಿ ನಮ್ಮದs ಅಂತ ತಿಳಕೊಂಡಿದ್ದೆ ನಾ!

ವೇದಿಕೆ ನಿರ್ವಾಹಕ:
ಮೆಣಸಿನಕಾಯಿಗೆ ಅಡುಗೆ ವಿಭಾಗ ಇದೆ ದಯವಿಟ್ಟು.

ಸ್ಟುಟ್‌ಗಾರ್ಟ್ ವಾಸಿ:
1989ರ ಬಗ್ಗೆ ಒಂದು ಮಾತು. ನಮ್ಮ ಆಫೀಸಿನಲ್ಲಿ ಆಗಿನ ಪೂರ್ವ ಜರ್ಮನಿಯ ಲೈಪ್ಜಿಗ್ ಮೂಲದ ಹಿರಿಯರೊಬ್ಬರು ಇದ್ದಾರೆ. ಗೋಡೆ ಬಿದ್ದ ನವೆಂಬರ್ 9 ಅವರಿಗೆ ಎರಡನೇ ದಿನ, ಮೊದಲನೇದು ಅಕ್ಟೋಬರ್ 9. ಅವತ್ತು ಲೈಪ್ಜಿಗ್‌ನಲ್ಲಿ ಸುಮಾರು 70 ಸಾವಿರ ಜನ ಬೀದಿಗಿಳಿದರು. ಜೂನ್‌ನಲ್ಲಿ ಬೀಜಿಂಗ್‌ನಲ್ಲಿ ಪ್ರತಿಭಟನೆಗಿಳಿದವರ ಮೇಲೆ ಸೈನ್ಯ ಗುಂಡು ಹಾರಿಸಿದ್ದು ಎಲ್ಲರ ತಲೆಯಲ್ಲಿತ್ತು. ಪೊಲೀಸರು ಗುಂಡು ಹಾರಿಸಲಿಲ್ಲ. ಹಾರಿಸಿದ್ರೆ ಮುಂದಿನದು ಬೇರೆ. ನವೆಂಬರ್ 9ಕ್ಕೆ ಪೂರ್ವ ಜರ್ಮನಿಯ ಆಡಳಿತ ಪಕ್ಷದ ವಕ್ತಾರ ಶಾಬೊವ್ಸ್ಕಿ ಪತ್ರಿಕಾಗೋಷ್ಠಿಯಲ್ಲಿ, ಗಡಿ ದಾಟೋ ಹೊಸ ನಿಯಮ ಯಾವಾಗಿನಿಂದ ಅಂತ ಕೇಳಿದ್ದಕ್ಕೆ ಈಗಿನಿಂದಲೇ ಅಂದುಬಿಟ್ಟ, ರಾತ್ರಿ ಬೋರ್ನ್‌ಹೋಮರ್ ರಸ್ತೆಯ ಗೇಟಿನಲ್ಲಿ ಯೇಗರ್ ಅನ್ನೋ ಅಧಿಕಾರಿ ಮೇಲಿನವರಿಂದ ಸರಿಯಾದ ಆದೇಶ ಬರದೆ ತಾನೇ ಗೇಟು ತೆಗೆಸಿದ.

ನ್ಯೂಜೆರ್ಸಿ ಕನ್ನಡತಿ:
ಇದು ಬಹಳ ಮುಖ್ಯವಾದ ಮಾತು. ಗುಂಡು ಹಾರದೇ ಇದ್ದಿದ್ದು ಕೂಡ ಒಂದು ಘಟನೆ. ಅದೇ ಜಾಡಿನಲ್ಲಿ ಮೇಷ್ಟ್ರಿಗೆ ನನ್ನ ಸಲಹೆ, 1865 ಅಲ್ಲ, 1877 ತಗೊಳ್ಳಿ.

ಯುದ್ಧದ ನಂತರ 13, 14, 15ನೇ ತಿದ್ದುಪಡಿಗಳು ಬಂದವು. ಗುಲಾಮಗಿರಿ ರದ್ದಾಯ್ತು, ಪೌರತ್ವ ಸಿಕ್ಕಿತು, 1870ಕ್ಕೆ ಕಪ್ಪು ಗಂಡಸರಿಗೆ ಮತದಾನದ ಹಕ್ಕು. ಅದೇ ವರ್ಷ ಮಿಸಿಸಿಪ್ಪಿಯಿಂದ ಹೈರಮ್ ರೆವೆಲ್ಸ್ ಸೆನೆಟ್ಟಿಗೆ ಹೋದರು, ಅಲ್ಲಿ ಕೂತ ಮೊದಲ ಕಪ್ಪು ಮನುಷ್ಯ. ಹತ್ತು ವರ್ಷದ ಹಿಂದೆ ಊಹಿಸೋಕೂ ಆಗದ ಮಾತು. ಇದೆಲ್ಲ ನಿಂತಿದ್ದು ದಕ್ಷಿಣದಲ್ಲಿದ್ದ ಕೇಂದ್ರ ಸೈನ್ಯದ ಕಾವಲಿನ ಮೇಲೆ.

1876ರ ಅಧ್ಯಕ್ಷ ಚುನಾವಣೆಯಲ್ಲಿ ಜನಮತ ಜಾಸ್ತಿ ಬಂದಿದ್ದು ಟಿಲ್ಡನ್‌ಗೆ. ಮೂರು ದಕ್ಷಿಣದ ರಾಜ್ಯಗಳ ಎಣಿಕೆಯಲ್ಲಿ ಜಗಳ. ಆಯೋಗ ಕೂತು 185ಕ್ಕೆ 184, ಒಂದೇ ಮತದಲ್ಲಿ ಹೇಯ್ಸ್ ಅಧ್ಯಕ್ಷ ಅಂತ ತೀರ್ಮಾನ ಆಯ್ತು. 1877ರ ಏಪ್ರಿಲ್‌ನಲ್ಲಿ ಹೇಯ್ಸ್ ಸೌತ್ ಕ್ಯಾರೊಲೈನಾ, ಲೂಸಿಯಾನಾದ ಶಾಸನಸಭೆಗಳ ಕಾವಲಿಗಿದ್ದ ಸೈನಿಕರನ್ನ ಬ್ಯಾರಕ್ಕಿಗೆ ಕಳಿಸಿದ. ಅಲ್ಲಿಗೆ ಮುಗೀತು. ಬಿಡುಗಡೆಯಾದವರು ಹಳೇ ಧಣಿಯ ಹೊಲದಲ್ಲೇ ಕೋರಿಗೆ ಹತ್ತಿ ಬೆಳೆದು ಅಂಗಡಿ ಸಾಲದಲ್ಲಿ ಸಿಕ್ಕಿಕೊಂಡರು. ಮಿಸಿಸಿಪ್ಪಿ 1890ರಲ್ಲಿ ಮತ ಹಾಕೋಕೆ 2 ಡಾಲರ್ ತೆರಿಗೆ, ಓದು ಬರಹದ ಪರೀಕ್ಷೆ ಇಟ್ಟಿತು. ಸಂವಿಧಾನದಲ್ಲಿ ಹಕ್ಕು ಹಾಗೇ ಇತ್ತು, ಮತಗಟ್ಟೆಯಲ್ಲಿ ಇರಲಿಲ್ಲ.

ಅದು ವಾಪಸ್ ಬಂದಿದ್ದು 1965ರ ಆಗಸ್ಟ್ 6ರ ಮತದಾನ ಹಕ್ಕು ಕಾಯ್ದೆಯಿಂದ. ಇನ್ನೊಂದು ವಿಷಯ ನಮ್ಮವರಿಗೆ ಗೊತ್ತಿರಬೇಕು. ಅದೇ ವರ್ಷ ಅಕ್ಟೋಬರ್ 3ಕ್ಕೆ ಲಿಬರ್ಟಿ ಪ್ರತಿಮೆಯ ಬುಡದಲ್ಲಿ ಅಧ್ಯಕ್ಷ ಜಾನ್ಸನ್ ಹೊಸ ವಲಸೆ ಕಾಯ್ದೆಗೆ ಸಹಿ ಹಾಕಿದರು. ಅದಕ್ಕೂ ಮುಂಚೆ ಇಡೀ ಭಾರತಕ್ಕೆ ವರ್ಷಕ್ಕೆ 100 ಜನರ ಕೋಟಾ, ಅದೂ 1946ರಲ್ಲಿ ಸಿಕ್ಕಿದ್ದು. ಹುಟ್ಟಿದ ದೇಶ ನೋಡಿ ಬಾಗಿಲು ಹಾಕೋ ಪದ್ಧತಿ 1965ರಲ್ಲಿ ಹೋಯ್ತು. ಎರಡೂ ಕಾಯ್ದೆ ಒಂದೇ ಸಂಸತ್ತಿನವು, ಒಂದೇ ಹೋರಾಟದ ಗಾಳಿಯಲ್ಲಿ ಬಂದವು. ನನ್ನ ತಂದೆ ಎಪ್ಪತ್ತರ ದಶಕದಲ್ಲಿ ದಾವಣಗೆರೆಯಿಂದ ಡಾಕ್ಟರಾಗಿ ಇಲ್ಲಿಗೆ ಬಂದರು. ನಾವು ನಮ್ಮ ಬುದ್ಧಿ, ನಮ್ಮ ಡಿಗ್ರಿಯಿಂದ ಬಂದ್ವಿ ಅಂತ ಇಲ್ಲಿನ ಕೂಟಗಳಲ್ಲಿ ಹೇಳಿಕೊಳ್ತೀವಿ. ಬಾಗಿಲು ತೆಗೆಸಿದವರು ಮತದಾನದ ಹಕ್ಕಿಗಾಗಿ ಅಲಬಾಮಾದ ಸೆಲ್ಮಾದ ಸೇತುವೆ ಮೇಲೆ ಲಾಠಿ ಏಟು ತಿಂದವರು. ಇದನ್ನ ನನ್ನ ಮಕ್ಕಳಿಗೆ ಹೇಳಿದ್ದೀನಿ, ಸಿಕ್ಕವರಿಗೆಲ್ಲ ಹೇಳ್ತೀನಿ.

ನಿವೃತ್ತ ಬ್ಯಾಂಕ್ ನೌಕರ:
ತಾಯಿ, ನನ್ನ ಮಗ ಡಲ್ಲಾಸಿನಲ್ಲಿದ್ದಾನೆ. ಇದನ್ನ ಅವನಿಗೆ ಕಳಿಸ್ತಿದ್ದೀನಿ.

ಸಿಲಿಕಾನ್ ಸಿಟಿ:
ವಲಸೆ ಕಾಯ್ದೆಗೆ ಶೀತಲ ಸಮರವೂ ಕಾರಣ. ಏಷ್ಯಾ, ಆಫ್ರಿಕಾದ ಹೊಸ ದೇಶಗಳ ಮುಂದೆ ಅಮೆರಿಕಕ್ಕೆ ಮುಖ ತೋರಿಸೋಕೆ ಆಗ್ತಿರಲಿಲ್ಲ. ಎಲ್ಲವನ್ನೂ ಹೋರಾಟಕ್ಕೇ ಕೊಡಬೇಡಿ.

ನ್ಯೂಜೆರ್ಸಿ ಕನ್ನಡತಿ:
ಅದೂ ಕಾರಣ, ಒಪ್ತೀನಿ. ಮುಖ ತೋರಿಸೋಕೆ ಆಗದ ಹಾಗೆ ಮಾಡಿದ್ದು ಯಾರು ಅಂತಲೂ ನೋಡಬೇಕು.

ಇತಿಹಾಸದ ಮೇಷ್ಟ್ರು:
ಎಲ್ಲ ಓದಿದೆ. 1860ರಿಂದ 1877 ತಗೊಳ್ತೀನಿ. ಮೊದಲ ವಾರ ಧಾರವಾಡದ ಹತ್ತಿಯಿಂದ ಶುರು ಮಾಡಿ ಮ್ಯಾಂಚೆಸ್ಟರ್, ಆಂಟೀಟಮ್, ಎರಡನೇ ವಾರ ರೆವೆಲ್ಸ್‌ನಿಂದ ಹೇಯ್ಸ್‌ವರೆಗೆ. 1914 ಬಿಟ್ಟಿದ್ದಕ್ಕೆ ಸ್ಟುಟ್‌ಗಾರ್ಟ್‌ನವರು ಬೇಸರ ಮಾಡಿಕೊಳ್ಳಬಾರದು. ಹುಡುಗರು ಒಂದು ಪ್ರಶ್ನೆ ಖಂಡಿತ ಕೇಳ್ತಾರೆ: ಸೈನ್ಯ ಇನ್ನೆಷ್ಟು ವರ್ಷ ಇರಬೇಕಿತ್ತು?

ಸ್ಟುಟ್‌ಗಾರ್ಟ್ ವಾಸಿ:
ಬೇಸರ ಇಲ್ಲ, ಒಪ್ಪಿಗೆಯೂ ಇಲ್ಲ. ನಿಮ್ಮ ಷರತ್ತಿನ ಪ್ರಕಾರ 1877 ಸೋಲುತ್ತೆ. 1873ರಲ್ಲಿ ಅಮೆರಿಕದ ಬ್ಯಾಂಕುಗಳು ಮುಳುಗಿದ ಮೇಲೆ ಉತ್ತರದ ಮತದಾರನಿಗೆ ದಕ್ಷಿಣದ ಚಿಂತೆ ಹೋಗಿತ್ತು. ಟಿಲ್ಡನ್ ಗೆದ್ದಿದ್ರೂ ಸೈನ್ಯ ವಾಪಸ್ ಹೋಗ್ತಿತ್ತು.

ಪುಸ್ತಕದ ಹುಳು:
ಹಾಗಾದ್ರೆ 1873 ತಿರುವು ಅಂತೀರಾ? ಬ್ಯಾಂಕ್ ಸಾಹೇಬರು ಖುಷಿಪಡ್ತಾರೆ. ಗ್ರಾಂಟ್ ಅಧ್ಯಕ್ಷನಾಗಿದ್ದಾಗ 1871ರಲ್ಲಿ ಸೈನ್ಯ ಕಳಿಸಿ ಸೌತ್ ಕ್ಯಾರೊಲೈನಾದಲ್ಲಿ ಕಪ್ಪು ಜನರ ಮೇಲೆ ದಾಳಿ ಮಾಡ್ತಿದ್ದ ಕೂ ಕ್ಲಕ್ಸ್ ಕ್ಲಾನ್ ಅನ್ನೋ ಗುಪ್ತ ಗುಂಪನ್ನ ಮುರಿದು ಹಾಕಿದ್ದ. ಅಂದ್ರೆ ಮನಸ್ಸಿದ್ದಾಗ ಸೈನ್ಯದಿಂದ ಕೆಲಸ ಆಗ್ತಿತ್ತು. ಮನಸ್ಸು ಯಾವಾಗ ಹೋಯ್ತು ಅನ್ನೋದೇ ಪ್ರಶ್ನೆ, ಅದಕ್ಕೆ ಮೇಷ್ಟ್ರು ಹುಡುಗರ ಕೈಲೇ ಉತ್ತರ ಹುಡುಕಿಸಬೇಕು.

ನ್ಯೂಜೆರ್ಸಿ ಕನ್ನಡತಿ:
ಎಷ್ಟು ವರ್ಷ ಅನ್ನೋದಕ್ಕೆ ಒಂದು ಅಳತೆ ಇದೆ ಸರ್. ಕಪ್ಪು ಜನರ ಹಕ್ಕು ಕಾಯೋಕೆ ಕೇಂದ್ರದ ಸೈನ್ಯ ದಕ್ಷಿಣಕ್ಕೆ ಮತ್ತೆ ಬಂದಿದ್ದು 1957ರ ಸೆಪ್ಟೆಂಬರ್‌ನಲ್ಲಿ. ಅರ್ಕನ್ಸಾದ ಲಿಟಲ್ ರಾಕ್‌ನಲ್ಲಿ ಒಂಬತ್ತು ಮಕ್ಕಳು ಹೈಸ್ಕೂಲಿಗೆ ಸೇರಬೇಕಿತ್ತು. ಗವರ್ನರ್ ರಾಜ್ಯದ ಪಡೆ ನಿಲ್ಲಿಸಿ ತಡೆದ. ಅಧ್ಯಕ್ಷ ಐಸೆನ್‌ಹೋವರ್ 101ನೇ ವಾಯುಪಡೆ ತುಕಡಿ ಕಳಿಸಿ ಮಕ್ಕಳನ್ನ ತರಗತಿಗೆ ಕರೆದುಕೊಂಡು ಹೋಗಿಸಿದರು. 1877ರಿಂದ ಲೆಕ್ಕ ಹಾಕಿದ್ರೆ 80 ವರ್ಷ.

ಮಂಡ್ಯದ ಹೈದ:
ಅದು ವಾಯುಪಡೆ ಅಲ್ಲ ಮೇಡಂ, ಭೂಸೇನೆಯ ಪ್ಯಾರಾಟ್ರೂಪ್ ಡಿವಿಷನ್. ಎರಡನೇ ಮಹಾಯುದ್ಧದಲ್ಲಿ ನಾರ್ಮಂಡಿಯಲ್ಲಿ ಇಳಿದಿದ್ದೂ ಅದೇ 101.

ಇತಿಹಾಸದ ಮೇಷ್ಟ್ರು:
ಲಿಟಲ್ ರಾಕ್ ಕೊನೇ ತರಗತಿಗೆ ಇಟ್ಟುಕೊಳ್ತೀನಿ. ಹತ್ತಿ ಹೊಲದವರೇ, ಹಳೇ ಜಿಲ್ಲಾ ಗೆಜೆಟಿಯರ್‌ನಲ್ಲಿ ಹತ್ತಿ ದರದ ಪಟ್ಟಿ ಇದ್ರೆ ಫೋಟೋ ಹಾಕ್ತೀರಾ? ಸೋಮವಾರದೊಳಗೆ ಸಿಕ್ಕರೆ ಅನುಕೂಲ.

ಹತ್ತಿ ಹೊಲ:
ಧಾರವಾಡದ ಗ್ರಂಥಾಲಯದಾಗ ನೋಡ್ತೇನ್ರಿ ಸರ. ಶನಿವಾರ ಹೋಗಾಂವ ಅದೇನಿ.